ಎಸ್‌ವಿಎಲ್ (ಶೀಥ್ ವೋಲ್ಟೇಜ್ ಲಿಮಿಟರ್) ಇದ್ದರೂ ಕೇಬಲ್ಲಿನ ಹೊರ ಕವಚ ತೂತಾಗಿದ್ದು ಯಾಕೆ?

ಪ್ರಶ್ನೆ: ಎಚ್‌ಟಿ ಮೇಂಟೆನೆನ್ಸ್, ಮಂಗಳೂರು

ನಮಸ್ಕಾರ. ನಮ್ಮ ಕಾರ್ಖಾನೆಗೆ 33 ಕೆವಿ ಲೈನ್ ಕಂಬದಿಂದ ಇಳಿದು 420 ಮೀಟರ್ ನೆಲದೊಳಗೆ ಬರುತ್ತದೆ. ಸಿಂಗಲ್ ಕೋರ್ ಕೇಬಲ್ ಮೂರು, ಟ್ರೆಫಾಯಿಲ್ (ತ್ರಿಕೋನದಂತೆ ಒತ್ತಾಗಿ) ಆಗಿ ಕಟ್ಟಿದ್ದು. ಲೋಡ್ 150 ಆಂಪ್. ಶೀಥನ್ನು (ಹೊರ ಕವಚದ ಒಳಗಿನ ಲೋಹದ ಪದರ) ಕಾರ್ಖಾನೆ ಕಡೆ ಅರ್ತ್ ಮಾಡಿದ್ದಾರೆ, ಕಂಬದ ಕಡೆ ಶೀಥ್ ವೋಲ್ಟೇಜ್ ಮಿತಿ ಮೀರಿದರೆ ಅರ್ತ್‌ಗೆ ಬಿಟ್ಟುಕೊಡುವ 3 ಕೆವಿ ಎಸ್‌ವಿಎಲ್ ಹಾಕಿದ್ದಾರೆ. ಹಾಕಿದಾಗ ಹೊರ ಕವಚ 10 ಕೆವಿ ಡಿಸಿ ಟೆಸ್ಟ್ ಪಾಸಾಗಿತ್ತು. ಕೃತ್ತಿಕೆ ಮಳೆಯಲ್ಲಿ ಸಿಡಿಲು ಜೋರಾಗಿತ್ತು. ಆಮೇಲೆ ಶಟ್‌ಡೌನ್ ತಗೊಂಡು 5 ಕೆವಿ ಮೆಗ್ಗರ್ (ಇನ್ಸುಲೇಷನ್ ಅಳೆಯುವ ಮೀಟರ್) ಹಾಕಿದರೆ ಮೂರೂ ಫೇಸ್ ತೀರಾ ಕಡಿಮೆ ತೋರಿಸುತ್ತಿದೆ. ಕಂಟ್ರಾಕ್ಟರ್ "ಎರಡೂ ಕಡೆ ಅರ್ತ್ ಮಾಡಿಬಿಡಿ, ಎಸ್‌ವಿಎಲ್ ತಲೆನೋವೇ ಬೇಡ" ಅನ್ನುತ್ತಾರೆ. ಹಾಗೆ ಮಾಡಬಹುದಾ?

ಉತ್ತರ: ಕೇಬಲ್ ಜಾಯಿಂಟರ್

ಟೆಸ್ಟ್‌ಗೆ ಮುಂಚೆ ಲಿಂಕ್ ಬಾಕ್ಸ್‌ನಲ್ಲಿ (ಶೀಥ್ ಸಂಪರ್ಕ ಬಿಡಿಸುವ ಪೆಟ್ಟಿಗೆ) ಎಸ್‌ವಿಎಲ್ ಬಿಡಿಸಿದ್ರಾ ಸರ್? 3 ಕೆವಿ ಎಸ್‌ವಿಎಲ್ 5 ಕೆವಿ ಡಿಸಿಗೆ ತಾನೇ ಬಿಟ್ಟುಕೊಡುತ್ತದೆ. ಆಗ ಮೆಗ್ಗರ್ ಓದುವುದು ಎಸ್‌ವಿಎಲ್ಲನ್ನು, ಕವಚವನ್ನಲ್ಲ. ಎರಡೂ ತುದಿ ಬಿಡಿಸಿ ಮತ್ತೆ ನೋಡಿ.

ಎಚ್‌ಟಿ ಮೇಂಟೆನೆನ್ಸ್

ಬಿಡಿಸಿರಲಿಲ್ಲ ಸರ್. ಇವತ್ತು ಬಿಡಿಸಿ ನೋಡಿದೆ. ಆರ್, ವೈ ಚೆನ್ನಾಗಿವೆ. ಬಿ ಫೇಸ್ ಮಾತ್ರ 0.2 ಮೆಗಾಓಮ್.

ಉತ್ತರ: ನಿವೃತ್ತ ಎಂಜಿನಿಯರ್

ಹಾಗಾದರೆ ಬಿ ಫೇಸ್ ಕವಚ ನಿಜವಾಗಿ ಹೋಗಿದೆ. ಒಂದು ವಿಷಯ ಹೇಳಿ. ಎಸ್‌ವಿಎಲ್ ಎಲ್ಲಿದೆ? ಕಂಬದ ಮೇಲೆ ಟರ್ಮಿನೇಷನ್ (ಕೇಬಲ್ ತುದಿ) ಪಕ್ಕದಲ್ಲಾ, ಇಲ್ಲಾ ಕೆಳಗೆ ಬಾಕ್ಸ್‌ನಲ್ಲಾ?

ಎಚ್‌ಟಿ ಮೇಂಟೆನೆನ್ಸ್

ಕೆಳಗೆ. ಮೇಲಿಂದ 7 ಮೀಟರ್ ವೈರ್ ಇಳಿದಿದೆ. ಉಳಿದದ್ದನ್ನು ಸುರುಳಿ ಸುತ್ತಿಟ್ಟಿದ್ದಾರೆ.

ನಿವೃತ್ತ ಎಂಜಿನಿಯರ್

ಅಲ್ಲೇ ಇದೆ ಸಮಸ್ಯೆ. ನೇರ ವೈರ್ ಅಂದರೂ ಮೀಟರಿಗೆ ಸುಮಾರು 1 ಮೈಕ್ರೋಹೆನ್ರಿ ಇಂಡಕ್ಟೆನ್ಸ್ (ಕರೆಂಟ್ ಏರುವುದನ್ನು ತಡೆಯುವ ಗುಣ). ಸರ್ಜ್ ಕರೆಂಟ್ ಮೈಕ್ರೋಸೆಕೆಂಡಿಗೆ 1 ಕಿಲೋಆಂಪ್ ಏರಿದರೂ ಮೀಟರಿಗೆ 1 ಕೆವಿ. 7 ಮೀಟರಿಗೆ 7 ಕೆವಿ, ಅದೂ ಎಸ್‌ವಿಎಲ್ ತುದಿಗಳ ನಡುವೆ ಉಳಿಯುವ ವೋಲ್ಟೇಜಿನ ಮೇಲೆ. ಸಿಡಿಲು ಅದರ ಐದು ಪಟ್ಟು ವೇಗವಾಗಿ ಏರಿದರೆ 35 ಕೆವಿ. ಸುರುಳಿ ಇದ್ದರೆ ಇನ್ನೂ ಜಾಸ್ತಿ. ಇಷ್ಟನ್ನೂ ತಿನ್ನುವುದು ಹೊರ ಕವಚವೇ. ಎಸ್‌ವಿಎಲ್ಲನ್ನು ಮೇಲೆ, ಶೀಥ್ ಪಕ್ಕದಲ್ಲೇ ಕೂರಿಸಿ. ಅದರ ಕೆಳ ತುದಿಯನ್ನು ಎಲ್‌ಎ (ಸಿಡಿಲು ತಡೆಯುವ ಲೈಟ್ನಿಂಗ್ ಅರೆಸ್ಟರ್) ಬುಡಕ್ಕೆ ಗಿಡ್ಡ ಪಟ್ಟಿಯಿಂದ ಸೇರಿಸಿ. ಅಲ್ಲಿಂದ ಒಂದೇ ಡೌನ್ ಕಂಡಕ್ಟರ್ ಇಳಿಯಲಿ.

3 ಕೆವಿ ರೇಟಿಂಗ್ ತಪ್ಪಲ್ಲ. ಟ್ರೆಫಾಯಿಲ್‌ನಲ್ಲಿ ಶೀಥಿಗೆ ಬರುವುದು 1000 ಆಂಪ್‌ಗೆ ಕಿಲೋಮೀಟರಿಗೆ ಸುಮಾರು 50 ವೋಲ್ಟ್. ನಿಮ್ಮ ಲೋಡಿಗೆ 3 ವೋಲ್ಟ್ ಆಯಿತು. ಮೂರು ಫೇಸ್ ಶಾರ್ಟ್ ಆಗಿ 20 ಕಿಲೋಆಂಪ್ ಹರಿದರೂ 420 ವೋಲ್ಟ್. ಅರ್ತ್ ಫಾಲ್ಟ್ ಲೆಕ್ಕ ಬೇರೆ, ಅದಕ್ಕೆ ಕೇಬಲ್ ಜೊತೆ ಬೇರೆ ಅರ್ತ್ ಕಂಡಕ್ಟರ್ ಓಡಬೇಕು. ಓಡಿದೆಯಾ ನೋಡಿ.

ಕಂಟ್ರಾಕ್ಟರ್ ಹೇಳಿದ್ದು ಅಸಾಧ್ಯವೇನಲ್ಲ. ಟ್ರೆಫಾಯಿಲ್, ಕಡಿಮೆ ಲೋಡ್ ಇದ್ದರೆ ಎರಡೂ ಕಡೆ ಅರ್ತ್ ಮಾಡುವವರಿದ್ದಾರೆ. ಆದರೆ ಸದಾ ಕರೆಂಟ್ ಶೀಥ್‌ನಲ್ಲಿ ಸುತ್ತುತ್ತದೆ, ಕೇಬಲ್ ಬಿಸಿಯಾಗುತ್ತದೆ. ಮುಂದೆ ಲೋಡ್ ಏರಿಸುವುದಿದ್ದರೆ ಸುಮ್ನೆ ಕಟ್ಟಿಬಿಡಬೇಡಿ, ಮೊದಲು ಲೆಕ್ಕ ಹಾಕಿಸಿ. ಎಲ್ಲಕ್ಕಿಂತ ಮುಖ್ಯ ಅಂದರೆ, ಎರಡೂ ಕಡೆ ಅರ್ತ್ ಮಾಡಿದರೂ ಆ ತೂತು ಮುಚ್ಚುವುದಿಲ್ಲ. ಮಳೆಗಾಲ ಪೂರ್ತಿ ನೀರು ಒಳಗೆ ಹೋಗುತ್ತದೆ. ದಯವಿಟ್ಟು ಅದನ್ನು ಮೊದಲು ಹುಡುಕಿಸಿ.

ಎಚ್‌ಟಿ ಮೇಂಟೆನೆನ್ಸ್, ಎರಡು ವಾರದ ನಂತರ

ಡಿಸಿ ಪಲ್ಸ್ ಕೊಟ್ಟು, ನೆಲಕ್ಕೆ ಎರಡು ಸರಳು ಚುಚ್ಚಿ ಹುಡುಕಿದೆವು. ಕಂಬದಿಂದ 9 ಮೀಟರ್ ದೂರದಲ್ಲಿ ಸಿಕ್ಕಿತು. ತೂತು ಬಟಾಣಿ ಕಾಳಿನಷ್ಟು. ಒಳಗಿನ ಅಲ್ಯೂಮಿನಿಯಂ ಆರ್ಮರ್ ತಂತಿ ಮೇಲೆ ಆಗಲೇ ಬಿಳಿ ಪುಡಿ ಕಟ್ಟಿತ್ತು. ಒರೆಸಿ, ಹೀಟ್ ಶ್ರಿಂಕ್ ಹಾಕಿ ಮುಚ್ಚಿದ್ದೇವೆ. ಎಸ್‌ವಿಎಲ್ ಮೇಲೆ ಹೋಯಿತು, ವೈರ್ ಈಗ ಅರ್ಧ ಮೀಟರೂ ಇಲ್ಲ. ಬಿ ಫೇಸ್ 5 ಕೆವಿ ಟೆಸ್ಟ್ ಪಾಸಾಯಿತು, ಈ ಸಲ ಲಿಂಕ್ ಬಿಡಿಸಿಯೇ ಮಾಡಿದ್ದು. ಅರ್ತ್ ಕಂಡಕ್ಟರ್ ಮಾತ್ರ ಓಡಿಲ್ಲ ಸರ್, ಅದಕ್ಕೆ ಎಸ್ಟಿಮೇಟ್ ಕೊಟ್ಟಿದ್ದೇನೆ.