‘ಕುಲಾಂತರಿ’ ಮತ್ತು ‘ಆಗಿಬರೂದಿಲ್ಲ’: ಪದ ಬೇಕಾಗಿದೆ

ಬಳಗದವರಿಗೆ ನಮಸ್ಕಾರ.

ಧಾರವಾಡ ಸುತ್ತಲಿನ ರೈತರಿಗಾಗಿ ಕುಲಾಂತರಿ (ಅಂದರೆ ಬೇರೆ ಜೀವಿಯ ಜೀನ್, ವಂಶವಾಹಿ, ಸೇರಿಸಿದ) ಆಹಾರ ಬೆಳೆಗಳ ಬಗ್ಗೆ ಒಂದು ಕಿರುಹೊತ್ತಗೆ ಬರೆಯುತ್ತಿದ್ದೇನೆ. ಜನ ಯಾಕೆ ಬೇಡ ಅನ್ನುತ್ತಾರೆ ಎಂಬ ಭಾಗದಲ್ಲಿ ಪದಗಳು ತೊಡಕಾಗಿವೆ.

ಬಿಟಿ ಬದನೆ ಎಂಬ ಕುಲಾಂತರಿ ಬದನೆಯ ಮಾತು ತೆಗೆದಾಗ ನಮ್ಮ ಓಣಿಯ ಹಿರಿಯರೊಬ್ಬರು, “ಅಂಥಾದ್ದು ದೇವರ ಎಡಿಗೆ ಆಗಿಬರೂದಿಲ್ಲ” ಅಂದರು. ಅವರ ಸೊಸೆ, “ನನಗ ಜವಾರಿ ಬದನಿಕಾಯೇ ಆಗಿಬರೂದಿಲ್ಲ, ಬಾಯಿ ತುರಸ್ತದ. ಇನ್ನ ಇದು ಏನ್ ಮಾಡ್ತದೋ” ಅಂದರು. ಮಾತು ಒಂದೇ, ಮಾವನದು ಧರ್ಮದ ಆಕ್ಷೇಪ, ಸೊಸೆಯದು ಆರೋಗ್ಯದ್ದು.

ಇವೆರಡಕ್ಕೂ ಒಂದೇ ಉತ್ತರ ಸಾಲದು. ಸೊಸೆಯ ಅಂಜಿಕೆಯನ್ನು ಪರೀಕ್ಷೆಗೆ ಒಡ್ಡಬಹುದು. ಬ್ರೆಜಿಲ್ ನಟ್‌ನ ಜೀನನ್ನು ಸೋಯಾಕ್ಕೆ ಸೇರಿಸಿದಾಗ ಅಲರ್ಜಿಯೂ ಜೊತೆಗೇ ಬಂದದ್ದು ಹಾಗೆಯೇ ಗೊತ್ತಾಯಿತು. 1996ರಲ್ಲಿ ಅದರ ವರದಿ ಪ್ರಕಟವಾಯಿತು, ಆ ಸೋಯಾ ಮಾರುಕಟ್ಟೆಗೆ ಬರಲೇ ಇಲ್ಲ. ಮಾವನ ಮಾತಿಗೆ ಪ್ರಯೋಗಾಲಯದಲ್ಲಿ ಉತ್ತರವಿಲ್ಲ. ಅವರಿಗೆ ಬೇಕಾದದ್ದು ಜೀನ್ ಎಲ್ಲಿಂದ ಬಂತು ಎಂಬ ಮಾಹಿತಿ, ಬೇಡ ಅನ್ನುವ ಹಕ್ಕು. ಬಿಟಿ ಬದನೆಯಲ್ಲಿರುವುದು ಮಣ್ಣಿನ ಬ್ಯಾಕ್ಟೀರಿಯಾದ ಜೀನ್, ಪ್ರಾಣಿಯದಲ್ಲ. ಆದರೂ ಇಲ್ಲಿಯ ಕೃಷಿ ವಿಶ್ವವಿದ್ಯಾಲಯದಲ್ಲಿ ಆ ಜೀನ್ ಸೇರಿಸಿದ ತಳಿಗಳ ಪೈಕಿ ಮಾಳಾಪುರ, ಕುಡಚಿ ಬದನೆಗಳ ಜೊತೆ ಉಡುಪಿಯ ಗುಳ್ಳವೂ ಇತ್ತು. ವಾದಿರಾಜರು ಬೀಜ ಕೊಟ್ಟರೆಂದು ನಂಬಿ ಕೃಷ್ಣನಿಗೆ ಒಪ್ಪಿಸುವ ಕಾಯಿ ಅದು. ಅದನ್ನು ಮುಟ್ಟಬೇಡಿ ಅಂದವರ ಮಾತನ್ನು ವಿಜ್ಞಾನ ತಿಳಿಯದವರ ಮಾತೆಂದು ತಳ್ಳಿಹಾಕುವುದು ನನಗೆ ಸರಿ ಕಾಣುವುದಿಲ್ಲ. 2010ರ ಫೆಬ್ರುವರಿ 9ರಂದು ಕೇಂದ್ರ ಸರ್ಕಾರ ಬಿಟಿ ಬದನೆಗೆ ತಡೆ ಹಾಕಿತು, ಆ ಮಾತು ಬೇರೆ.

ಹಾಗಾಗಿ ದೇವರಿಗೆ, ಆಚಾರಕ್ಕೆ ಸಂಬಂಧಿಸಿದ್ದಕ್ಕೆ ‘ಸಲ್ಲದು’, ಮೈಗೆ ಸಂಬಂಧಿಸಿದ್ದಕ್ಕೆ ‘ಒಗ್ಗದು’ ಎಂದು ಬೇರ್ಪಡಿಸೋಣವೆಂದಿದ್ದೇನೆ. ‘ನಿಷಿದ್ಧ’, ‘ವರ್ಜ್ಯ’ ಓದುವವರಿಗೆ ಭಾರವಾಗುತ್ತವೆ.

ಇನ್ನು ‘ಕುಲಾಂತರಿ’. ಪತ್ರಿಕೆಗಳಲ್ಲಿ ನೆಲೆನಿಂತ ಪದ, ಬಿಡುವ ಮಾತಿಲ್ಲ. ಆದರೆ ಕುಲ ಅಂದಕೂಡಲೇ ನಮ್ಮ ಕಡೆ ಕುಲಗೆಟ್ಟದ್ದು ಎಂಬ ಭಾವನೆ ಬಂದುಬಿಡುತ್ತದೆ. ಬೆಳೆಯ ವಿಷಯ ಹೇಳುವ ಮೊದಲೇ ತೀರ್ಪು ಕೊಟ್ಟಂತಾಗುತ್ತದೆ. 1972ರಲ್ಲಿ ಧಾರವಾಡದಲ್ಲೇ ಹತ್ತಿ ತಳಿ ವಿಜ್ಞಾನಿ ಕಾತರಕಿಯವರು ಹೊರತಂದ ವರಲಕ್ಷ್ಮಿ ಹತ್ತಿ ಎರಡು ಬೇರೆ ಪ್ರಭೇದಗಳ ಸಂಕರ. ಅದನ್ನು ಯಾರೂ ಕುಲಾಂತರಿ ಅನ್ನಲಿಲ್ಲ, ಹೈಬ್ರಿಡ್ ಅಂದರು. ಈಗ ಹೊಸ ತೊಡಕು: 2025ರ ಮೇ ತಿಂಗಳಲ್ಲಿ ಕೇಂದ್ರ ಪ್ರಕಟಿಸಿದ ಎರಡು ಭತ್ತದ ತಳಿಗಳಲ್ಲಿ ಬೇರೆ ಜೀವಿಯ ಜೀನ್ ಇಲ್ಲ, ಭತ್ತದ ಜೀನನ್ನೇ ತಿದ್ದಲಾಗಿದೆ. ಇವನ್ನೂ ಕುಲಾಂತರಿ ಅಂದರೆ, ಬೇರೆ ಜೀವಿಯದು ಸೇರಿದೆ ಎಂಬ ಕಾರಣಕ್ಕೆ ಬೇಡ ಅನ್ನುವವರಿಗೆ ತಪ್ಪು ಮಾಹಿತಿ ಕೊಟ್ಟಂತೆ. ‘ಜೀನ್ ತಿದ್ದಿದ ಭತ್ತ’ ಎಂದು ಬರೆದಿದ್ದೇನೆ. ಆರೋಗ್ಯದ ಪ್ರಶ್ನೆ ಮಾತ್ರ ಇಲ್ಲಿಯೂ ಉಳಿಯುತ್ತದೆ, ಅದನ್ನು ಮುಚ್ಚಿಡುವುದಿಲ್ಲ.

ಕೇಳಬೇಕಾದದ್ದು ಇಷ್ಟು. ಗದಗ, ಹಾವೇರಿ ಕಡೆಯ ಊಟದ ಮಾತಿನಲ್ಲಿ ‘ಸಲ್ಲದು’ ಬಳಕೆಯಲ್ಲಿದೆಯೇ, ಇಲ್ಲಾ ಬರವಣಿಗೆಯಲ್ಲಿ ಮಾತ್ರವೇ? ಮತ್ತೆ ರಾಣೆಬೆನ್ನೂರು ಕಡೆ ಬೀಜದ ವ್ಯವಹಾರ ಬಲ್ಲವರು ಯಾರಾದರೂ ಇದ್ದರೆ: ಅಲ್ಲಿಯ ರೈತರು ‘ಬಿಟಿ’ ಅನ್ನುವುದನ್ನು ಹತ್ತಿಗಷ್ಟೇ ಹೇಳುತ್ತಾರೋ, ಹೊಸ ಬೀಜಕ್ಕೆಲ್ಲ ಅನ್ವಯಿಸುತ್ತಾರೋ?