ಕುದುರೆ ಯಾಕೆ ಓರೆ?

"ಹದಿನಾರನೇ ಶತಮಾನದ ಕೊನೆಗೆ ಲಂಡನ್‌ನ ಕ್ಷೌರದಂಗಡೀಲಿ ಓದೋಕೆ ಪೇಪರ್ ಇರಲಿಲ್ಲ ಕಣ್ರೋ, ಸಿಟರ್ನ್ ಅನ್ನೋ ತಂತಿವಾದ್ಯ ಇರ್ತಿತ್ತು. ಸರದಿ ಬರೋವರೆಗೂ ಗಿರಾಕಿಗಳು ಅದನ್ನ ಬಾರಿಸ್ತಾ ಕೂತಿರೋರು" ಎಂದ ಸೀನ.

"ಬಾರಿಸೋಕೆ ಬರದವನು?"

"ಅವನೇ ಜಾಸ್ತಿ ಬಾರಿಸ್ತಿದ್ದ."

ಅಷ್ಟು ದೊಡ್ಡ ಹೆಸರಿನ ತಂತಿವಾದ್ಯ ಲ್ಯೂಟ್ ಬಿಟ್ಟು ಇದ್ಯಾಕೆ ಅಂತ ಗೋಪಿ ತಗಾದೆ ತೆಗೆದ. ವೀಣೆ ನುಡಿಸುವ ರಾಜಿಗೆ ಇದು ಅರ್ಥವಾಗುತ್ತದೆ. ಲ್ಯೂಟ್‌ಗೆ ಪ್ರಾಣಿಯ ಕರುಳಿನ ತಂತಿ, ಹವೆ ಸ್ವಲ್ಪ ತೇವವಾದರೆ ಸಾಕು ಶ್ರುತಿ ಹೋಯ್ತು. ಸಿಟರ್ನ್‌ಗೆ ಹಿತ್ತಾಳೆ, ಕಬ್ಬಿಣದ ತಂತಿ, ಕಂಡಕಂಡವರೆಲ್ಲ ಎಳೆದಾಡಿದರೂ ತಡೆದುಕೊಳ್ಳುತ್ತದೆ.

"ಮರ್ಯಾದೆ ಅದಕ್ಕೆ, ದುಡಿಮೆ ಇದಕ್ಕೆ ಅನ್ನು" ಎಂದಳು.

ಪೂರ್ತಿ ಹಾಗೂ ಅಲ್ಲ ಬಿಡಿ. 1599ರಲ್ಲಿ ಇಂಗ್ಲೆಂಡಿನ ಸಂಗೀತಗಾರ ಥಾಮಸ್ ಮಾರ್ಲಿ ಆರು ವಾದ್ಯಗಳ ಮೇಳಕ್ಕೆ ಪುಸ್ತಕ ತಂದಾಗ ಲ್ಯೂಟ್ ಪಕ್ಕದಲ್ಲೇ ಸಿಟರ್ನ್, ಬಂಡೋರಾ ಎರಡೂ ಕೂತಿದ್ದವು. ಬಂಡೋರಾ ಅಂದರೆ ತಗ್ಗುದನಿಯ, ಮಂದ್ರದ ತಂತಿವಾದ್ಯ. 1562ರಲ್ಲಿ ಲಂಡನ್‌ನ ಜಾನ್ ರೋಸ್ ಕಂಡುಹಿಡಿದ ಅಂತ ಆ ಕಾಲದ ಚರಿತ್ರೆಯಲ್ಲಿದೆ. ಸೀನ ಫೋನ್‌ನಲ್ಲಿ ಚಿತ್ರ ತೋರಿಸಿದ.

"ಇದೇನೋ, ಇಲಿ ಕಡಿದ ರೊಟ್ಟಿ ಥರ ಅಂಚು!" ಎಂದ ಗೋಪಿ. ಮುಂದಿನ ಚಿತ್ರ ಅದರ ತಮ್ಮ ಆರ್ಫೇರಿಯನ್‌ದು. "ಇದರ ತಂತಿ ಹೊರೋ ಕುದುರೆ ಓರೆ, ಬೆರಳೊತ್ತೋ ಮೆಟ್ಟುಗಳೂ ಓರೆ. ಮಾಡಿದವನು ಕುಡಿದಿದ್ನಾ?"

ನನಗೆ ಈ ಓರೆಯೇ ಎಲ್ಲಕ್ಕಿಂತ ಇಷ್ಟ. ಈಗಿನ ಹಾಗೆ ಮೇಲೆ ಸಣ್ಣ ತಂತಿ ಸುತ್ತಿದ ಮಂದ್ರದ ತಂತಿ ಆಗ ಇರಲಿಲ್ಲ. ಬರೀ ದಪ್ಪ ತಂತಿ ಹಾಕಿದರೆ ದನಿ ಮಂಕು, ಅದಕ್ಕೆ ಉದ್ದ ಬೇಕು. ಏರುದನಿಯ ತಾರದ ತಂತಿಯನ್ನೂ ಅಷ್ಟೇ ಉದ್ದ ಮಾಡಿ ಬಿಗಿದರೆ ಪಟ್ ಅಂತ ಕಿತ್ತುಹೋಗುತ್ತದೆ. ಎರಡೂ ಬದುಕಬೇಕು ಅಂದರೆ ಕುದುರೆ ಓರೆಯಾಗಲೇಬೇಕು, ಅಲ್ವಾ?

"ಅಷ್ಟು ತಲೆ ಓಡಿಸಿದವರು ನುಡಿಸೋದು ಹೇಗೆ ಅಂತಾನೂ ಹೇಳಿದ್ರಾ?" ಗೋಪಿ ಪಕ್ಕದ ಮನೆಗೂ ಕೇಳುವಂತೆ ಕೂಗಿದ.

"ಹೇಳಿದ್ದಾರೆ. ಲೋಹದ ತಂತಿಗಳು ಒಂದಕ್ಕೊಂದು ತಾಗಿ ಕಿರಿಕಿರಿ ಮಾಡ್ತವೆ, ಲ್ಯೂಟ್‌ಗಿಂತ ಮೆಲ್ಲಗೆ ಮೀಟಿ ಅಂತ 1596ರಲ್ಲೇ ಲಂಡನ್‌ನ ಪುಸ್ತಕ ಪ್ರಕಾಶಕ ವಿಲಿಯಂ ಬಾರ್ಲಿ ಅಚ್ಚು ಹಾಕಿಸಿದ್ದಾನೆ" ಎಂದ ಸೀನ.

"ಗೋಪಿ, ನಿನ್ನ ಗಂಟಲಿಗೂ ಒಂದು ಪುಟ ಬರೆದಿದ್ದಿದ್ರೆ ಚೆನ್ನಾಗಿರ್ತಿತ್ತು" ಎಂದಳು ರಾಜಿ.