ನೀರಲ್ಲಿ ಸರಿ ಇದ್ದ ಸಿಗ್ನಲ್ ಕೋಶದೊಳಗೆ ಅರ್ಧ ಆಗೋದು ಯಾಕೆ?

ಮ್ಯಾಗ್ನೆಟಿಕ್ ಪಾರ್ಟಿಕಲ್ ಇಮೇಜಿಂಗ್‌ಗೆ (ಕಾಂತೀಯ ಕಣಗಳ ಸಿಗ್ನಲ್‌ನಿಂದಲೇ ಚಿತ್ರ ತೆಗೆಯುವ ವಿಧಾನ) ಐರನ್ ಆಕ್ಸೈಡ್ ನ್ಯಾನೋಕಣ ಬಳಸುತ್ತಿದ್ದೇನೆ. ನೀರಲ್ಲಿ ಸಿಗ್ನಲ್ ಚೆನ್ನಾಗಿ ಬರುತ್ತದೆ, ಅದೇ ಕಣ ಕೋಶದೊಳಗೆ ಸೇರಿದ ಮೇಲೆ ಅರ್ಧಕ್ಕೆ ಇಳಿಯುತ್ತದೆ. ಕಬ್ಬಿಣದ ಲೆಕ್ಕ ಎರಡು ಸಲ ತೆಗೆದೆ, ಎರಡೂ ಕಡೆ ಒಂದೇ. ಈ ಕಷ್ಟ ಪಟ್ಟವರು ಯಾರಾದರೂ ಇದ್ದೀರಾ?

*

ನಾನು ಪಟ್ಟಿದ್ದೇನೆ. ತಿಂಗಳುಗಟ್ಟಲೆ ಸುಮ್ನೆ ಬ್ಯಾಚನ್ನು ಬೈದುಕೊಂಡು ಕೂತಿದ್ದೆ, ತಪ್ಪು ಅದರದ್ದಲ್ಲ. ಸ್ಕ್ಯಾನರ್‌ನ ಕಾಂತಕ್ಷೇತ್ರ ದಿಕ್ಕು ಬದಲಿಸಿದಾಗ ಕಣಕ್ಕೆ ಎರಡು ದಾರಿ ಇವೆ: ಇಡೀ ಕಣವೇ ದ್ರವದಲ್ಲಿ ಹೊರಳಿದರೆ ಬ್ರೌನ್, ಕಣ ಕದಲದೆ ಒಳಗಿನ ಕಾಂತದಿಕ್ಕು ಮಾತ್ರ ಮಗುಚಿದರೆ ನೀಲ್. ಲೇಪನ ಸೇರಿ 50 ನ್ಯಾನೋಮೀಟರ್ ಇರುವ ಕಣ ನೀರಲ್ಲಿ ಹೊರಳಲು ಸುಮಾರು 50 ಮೈಕ್ರೋಸೆಕೆಂಡ್ ಬೇಕು (ಕ್ಷೇತ್ರ ಇಲ್ಲದಾಗಿನ ಲೆಕ್ಕ ಇದು, ಜೋರು ಕ್ಷೇತ್ರದಲ್ಲಿ ಇನ್ನೂ ಬೇಗ), ಸ್ಕ್ಯಾನರ್ 25 ಕಿಲೋಹರ್ಟ್ಸ್‌ನಲ್ಲಿ ಓಡುತ್ತಿದ್ದರೆ ಒಂದು ಸುತ್ತಿಗೆ ಸಿಗುವುದು 40 ಮಾತ್ರ. ನೀರಲ್ಲೇ ಇಷ್ಟು ಏದುಸಿರು. ಮೇಲೆ ಪ್ರೋಟೀನ್ ಅಂಟಿ ಗಾತ್ರ 80 ಆದರೆ ಸಮಯ ನಾಲ್ಕು ಪಟ್ಟು ಹೆಚ್ಚುತ್ತದೆ, ಯಾಕಂದ್ರೆ ಅದು ವ್ಯಾಸದ ಘನಕ್ಕೆ ತಕ್ಕಂತೆ ಏರುತ್ತದೆ. ಆಮೇಲೆ ಲೈಸೋಸೋಮ್‌ನಲ್ಲಿ (ಕೋಶ ನುಂಗಿದ್ದನ್ನು ಜೀರ್ಣಿಸುವ ಚೀಲ) ಒತ್ತಾಗಿ ತುಂಬಿಕೊಂಡರೆ ಹೊರಳೋಕೆ ಜಾಗವೇ ಇಲ್ಲ.

ಒಂದಿಷ್ಟು ಕಣವನ್ನು ಮ್ಯಾನಿಟಾಲ್ (ಸಕ್ಕರೆಯಂಥ ಪುಡಿ) ಜೊತೆ ಫ್ರೀಜ್ ಡ್ರೈ ಮಾಡಿ, ಅಂದರೆ ಹೆಪ್ಪುಗಟ್ಟಿಸಿ ಒಣಗಿಸಿ, ಕಣ ಹೊರಳದಂತೆ ಮಾಡಿ ಅಳೆಯಿರಿ. ಅಲ್ಲೂ ಅಷ್ಟೇ ಬಿದ್ದರೆ ಹೊರಳಾಟ ನಿಂತದ್ದೇ ಕಾರಣ ಅನ್ನಬಹುದು. ಬೀಳದಿದ್ದರೆ ಮುದ್ದೆ ಕಟ್ಟಿರುವುದನ್ನು ಅನುಮಾನಿಸಿ, ಹತ್ತಿರ ಬಂದ ಕಣಗಳು ಒಂದನ್ನೊಂದು ಎಳೆದಾಡುತ್ತವೆ.

*

ಮೇಲಿನವರು ಹೇಳಿದ್ದು ಸರಿ. ಆದರೆ ದಯವಿಟ್ಟು ಅಗಾರ್ ಜೆಲ್‌ನಲ್ಲಿ ಹಾಕಿ "ಕಣ ಕಟ್ಟಿಹಾಕಿದೆ" ಅನ್ನಬೇಡಿ. ನಾನು ಹಾಗೇ ಮೋಸ ಹೋದೆ. ತೆಳು ಅಗಾರ್‌ನ ರಂಧ್ರಗಳು ಕಣಕ್ಕಿಂತ ದೊಡ್ಡವು, ಒಳಗೆ ಅದು ಆರಾಮಾಗಿ ಹೊರಳುತ್ತಿರುತ್ತದೆ. ಗ್ಲಿಸರಾಲ್ ಸ್ವಲ್ಪ ಸ್ವಲ್ಪವೇ ಸೇರಿಸಿ ದ್ರವವನ್ನು ಮಂದ ಮಾಡುತ್ತಾ ಸಿಗ್ನಲ್ ಹೇಗೆ ಬದಲಾಗುತ್ತದೆ ನೋಡುವುದು ವಾಸಿ. ತಾಪಮಾನವನ್ನೂ ಬರೆದಿಡಿ, 20 ಡಿಗ್ರಿಯಿಂದ 37ಕ್ಕೆ ಹೋದರೆ ನೀರಿನ ಸ್ನಿಗ್ಧತೆ (ಮಂದತನ) ಸುಮಾರು 30% ಇಳಿಯುತ್ತದೆ.

*

ಲೇಪನ ಬಿಟ್ಟು ಒಳಗಿನ ತಿರುಳಿನ ಗಾತ್ರ ಎಷ್ಟು? ಅದನ್ನೇ ಯಾರೂ ಕೇಳಲಿಲ್ಲವಲ್ಲ! ನೀಲ್ ಸಮಯ ಗಾತ್ರದ ಜೊತೆ ಹುಚ್ಚು ಹಿಡಿದಂತೆ ಏರುತ್ತದೆ. ಮ್ಯಾಗ್ನೆಟೈಟ್‌ಗೆ ಸಾಮಾನ್ಯ ಬೆಲೆಗಳನ್ನು ಹಾಕಿ ನೋಡಿದರೆ, 20 ನ್ಯಾನೋಮೀಟರ್ ತಿರುಳಿಗೆ ಅರ್ಧ ಮಿಲಿಸೆಕೆಂಡ್ ಆಸುಪಾಸು ಬರುತ್ತದೆ, 25ಕ್ಕೆ ನಿಮಿಷಗಳೇ ಆಗುತ್ತವೆ. ಹಾಗಾಗಿ ಬರೀ ಸರಾಸರಿ ನಂಬಬೇಡಿ, ಗಾತ್ರ ಎಷ್ಟು ಹರಡಿಕೊಂಡಿದೆ ನೋಡಿ. ಚಿಕ್ಕ ಕಣಗಳು ಕೋಶದಲ್ಲೂ ನೀಲ್ ದಾರಿಯಲ್ಲಿ ಕೆಲಸ ಮಾಡುತ್ತವೆ, ದೊಡ್ಡವು ಸಿಕ್ಕಿಹಾಕಿಕೊಂಡು ಸುಮ್ಮನಾಗುತ್ತವೆ. ನಿಮ್ಮ ಅರ್ಧ ಸಿಗ್ನಲ್ ಹೋದದ್ದು ಅಲ್ಲೇ ಇರಬೇಕು.

ಇನ್ನೊಂದು, ಎಂಆರ್‌ಐನವರು ಹೇಳುವ ಟಿ1, ಟಿ2 ಸಂಖ್ಯೆಗಳನ್ನು ಇದರ ಜೊತೆ ಕಲಸಬೇಡಿ. ಅದು ಸುತ್ತಲಿನ ನೀರಿನ ಪ್ರೋಟಾನ್‌ಗಳ ವಿಶ್ರಾಂತಿ (ರಿಲ್ಯಾಕ್ಸೇಶನ್, ಕದಡಿದ ಮೇಲೆ ಮೊದಲಿನ ಸ್ಥಿತಿಗೆ ಮರಳುವುದು), ಇದು ಕಣದ್ದೇ.

*

ಎಲ್ಲರಿಗೂ ಥ್ಯಾಂಕ್ಸ್. ಸರಾಸರಿ ತಿರುಳು 22, ಹರಡಿಕೆ ಜಾಸ್ತಿಯೇ ಇದೆ. ಲೇಪನ ಸೇರಿದ ಗಾತ್ರವನ್ನು ಬರೀ ನೀರಲ್ಲಿ ಅಳೆದಿದ್ದೆ, ಸೀರಮ್ ಇರುವ ಮಾಧ್ಯಮದಲ್ಲಿ ಅಳೆದೇ ಇಲ್ಲ ಅಂತ ಈಗ ಹೊಳೆಯಿತು. ಮೊದಲು ಅದು, ಆಮೇಲೆ ಮ್ಯಾನಿಟಾಲ್.